ಬಯೋಡೇಟಾದಿಂದ ತಪ್ಪಿಸಿಕೊಂಡ ಕೆಲಸ

ಗದಗಿನ ಹತ್ತಿರದ ಮುಳಗುಂದದಂಥ ಊರಿನಲ್ಲಿ ನೌಕರಿಯ ಬಯೋಡೇಟಾ ಹುಟ್ಟುವುದು ಸಾಮಾನ್ಯವಾಗಿ ಝೆರಾಕ್ಸ್ ಅಂಗಡಿಯಲ್ಲಿ. ಪಹಣಿ, ಬೆಳೆವಿಮೆ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಂದು ಬಂದವರ ಸರದಿಯ ನಡುವೆ ಯಾರೋ ಒಬ್ಬ ಪದವೀಧರ ತಲೆ ತೂರಿಸಿ, ‘ಅಣ್ಣಾರ, ಒಂದು ಬಯೋಡೇಟಾ ಹೊಡ್ದ ಕೊಡ್ರಿ, ನಾಳೆ ಹುಬ್ಬಳ್ಳ್ಯಾಗ ಇಂಟರ್‌ವ್ಯೂ ಐತ್ರಿ’ ಅನ್ನುತ್ತಾನೆ. ಕಂಪ್ಯೂಟರಿನ ಮುಂದೆ ಕೂತವರು ಹಿಂದೆಂದೋ ಬಂದುಹೋದವರ ಫೈಲು ತೆರೆದು, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಅಂಕಗಳು ಇಷ್ಟನ್ನು ಬದಲಿಸಿ ಪ್ರಿಂಟ್ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಜೀವನದ ಗುರಿ, ಹವ್ಯಾಸ, ಗುಣವಿಶೇಷ, ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ, ಇವೆಲ್ಲ ಹಿಂದಿನವರದ್ದೇ ಉಳಿಯುತ್ತವೆ.

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಬಗೆಯ ಬಯೋಡೇಟಾವೂ ಇರುತ್ತದೆ. ಅದು ಕನ್ಯೆಯದು ಅಥವಾ ವರನದು. ತಂದೆತಾಯಿಯ ಹೆಸರು, ಜಾತಿ, ಒಳಪಂಗಡ, ಎತ್ತರ, ಬಣ್ಣ, ಅಣ್ಣತಮ್ಮಂದಿರು ಏನು ಮಾಡುತ್ತಾರೆ, ಹೊಲ ಎಷ್ಟು ಎಕರೆ ಎಂಬ ವಿವರಗಳು ಅದರಲ್ಲಿರುತ್ತವೆ. ಬೀಗತನಕ್ಕೆ ಅವೆಲ್ಲ ಬೇಕು. ನೌಕರಿ ಕೊಡುವವರಿಗೆ ಬೇಕಾದದ್ದು ಬೇರೆ. ಆದರೂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಲುಗಳು ಬಹುಪಾಲು ಒಂದೇ. ಯಾರ ಮಗ, ಯಾವ ಊರು, ಯಾವ ಜಾತಿ, ಮದುವೆ ಆಗಿದೆಯೋ ಇಲ್ಲವೋ ಎಂಬುದೆಲ್ಲ ಗೊತ್ತಾಗುತ್ತದೆ. ಈತ ಏನು ಕೆಲಸ ಮಾಡಬಲ್ಲ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಇದಕ್ಕೆ ಝೆರಾಕ್ಸ್ ಅಂಗಡಿಯವರನ್ನು ದೂರುವುದು ತಪ್ಪು. ಕಾರಣ ಇನ್ನೂ ಹಿಂದೆ ಇದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಓದಿದ ಹುಡುಗ-ಹುಡುಗಿಯರ ಮೊದಲ ಕನಸು ಸರ್ಕಾರಿ ನೌಕರಿ. ಧಾರವಾಡದಲ್ಲಿ ಖೋಲಿ ಹಿಡಿದು, ಕೋಚಿಂಗ್ ಸೇರಿ, ಗ್ರಂಥಾಲಯದಲ್ಲಿ ಹಗಲುರಾತ್ರಿ ಕೂರುವವರಲ್ಲಿ ಈ ಸೀಮೆಯವರು ಧಾರಾಳವಾಗಿದ್ದಾರೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ 1,000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಜಿ ಕರೆದಾಗ ರಾಜ್ಯದ ಸೈಬರ್ ಅಂಗಡಿಗಳ ಮುಂದೆ ಸಾಲು ನಿಂತದ್ದು ನೆನಪಿರಬಹುದು. ಅಂಥ ಅರ್ಜಿಯಲ್ಲಿ ಪ್ರಶ್ನೆ ಅವರದ್ದು, ಖಾಲಿ ಜಾಗವೂ ಅವರದ್ದು. ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಪ್ರವರ್ಗ, ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಎಂದು ಕೇಳಿದ್ದನ್ನು ತುಂಬಿದರೆ ಮುಗಿಯಿತು. ಉಳಿದದ್ದನ್ನು ಪರೀಕ್ಷೆ ತೀರ್ಮಾನಿಸುತ್ತದೆ.

ಖಾಸಗಿ ನೌಕರಿಯ ಬಯೋಡೇಟಾ ಇದರ ತದ್ವಿರುದ್ಧ. ಅಲ್ಲಿ ಪ್ರಶ್ನೆ ಕೇಳುವವರೇ ಇಲ್ಲ. ಖಾಲಿ ಹಾಳೆ ಕೊಟ್ಟು ‘ನಿನ್ನ ಬಗ್ಗೆ ನೀನೇ ಹೇಳು’ ಅನ್ನುತ್ತಾರೆ. ವರ್ಷಗಟ್ಟಲೆ ಕಾಲಂ ತುಂಬಿದ ಕೈಗೆ ಇದು ಒಗ್ಗುವುದಿಲ್ಲ. ಆಗ ಸರ್ಕಾರಿ ಅರ್ಜಿ ಏನನ್ನು ಕೇಳುತ್ತಿತ್ತೋ ಅದನ್ನೇ ಬರೆದಿಟ್ಟು, ಉಳಿದ ಜಾಗದಲ್ಲಿ ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯೊಂದಿಗೆ ಬೆಳೆಯುವುದು ನನ್ನ ಗುರಿ’ ಎಂಬ ಇಂಗ್ಲಿಷ್ ವಾಕ್ಯವನ್ನು ಎಲ್ಲಿಂದಲೋ ತಂದು ಕೂರಿಸಲಾಗುತ್ತದೆ. ಆ ವಾಕ್ಯವನ್ನು ಬೀದರಿನಿಂದ ಚಾಮರಾಜನಗರದವರೆಗಿನ ಅಭ್ಯರ್ಥಿಗಳೆಲ್ಲ ಬರೆದಿರುತ್ತಾರೆ, ಯಾವ ಮಾಲೀಕರೂ ಓದಿರುವುದಿಲ್ಲ.

ಖಾಸಗಿ ನೌಕರಿಯೇನು ಈ ಭಾಗಕ್ಕೆ ದೂರದ್ದಲ್ಲ. ಕಪ್ಪತಗುಡ್ಡದ ಆಸುಪಾಸಿನ ಗಾಳಿ ವಿದ್ಯುತ್ ಯಂತ್ರಗಳಿಗೆ ನಿರ್ವಹಣೆಯ ತಂತ್ರಜ್ಞರು ಬೇಕು. ಧಾರವಾಡದಲ್ಲಿ ಟಾಟಾ ಬಸ್ ಕಾರ್ಖಾನೆ ಇದೆ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್, ಭಾನಾಪುರದ ಆಟಿಕೆ ಉದ್ಯಮ ಸಮೂಹ ಇವೆ. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ಇದೆ. ಹುಬ್ಬಳ್ಳಿಯ ಗೋದಾಮು, ಶೋರೂಂ, ಸಾರಿಗೆ ಕಂಪನಿಗಳಿವೆ. ಗದಗಿನಲ್ಲೇ ಆಸ್ಪತ್ರೆ, ಸೌಹಾರ್ದ ಸಹಕಾರಿ, ಖಾಸಗಿ ಶಾಲೆಗಳಿವೆ. ಇವರಲ್ಲಿ ಯಾರಿಗೂ ನೂರು ಅಂಕದ ಪರೀಕ್ಷೆ ನಡೆಸುವ ಪುರುಸೊತ್ತಿಲ್ಲ. ಮೊದಲ ಜರಡಿ ಹಾಳೆಯ ಮೇಲೆಯೇ ನಡೆಯುತ್ತದೆ.

ಹಾಗೆ ನೋಡಿದರೆ ತನ್ನವರ ಬಗ್ಗೆ ಬರೆದಿಡುವುದು ಮುಳಗುಂದಕ್ಕೆ ಹೊಸ ವಿದ್ಯೆಯಲ್ಲ. ಗದಗಿನಿಂದ ಸುಮಾರು 20 ಕಿಲೋಮೀಟರ್ ದೂರದ ಈ ಊರಿನಲ್ಲಿ ಸಾವಿರ ವರ್ಷ ದಾಟಿದ ಶಾಸನಗಳಿವೆ. ಅವುಗಳಲ್ಲಿ ಕ್ರಿ.ಶ. 902-03ರ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದ ಒಂದು ಶಾಸನ, ಇಲ್ಲಿ ಚಿಕಾರ್ಯ ಎಂಬ ವೈಶ್ಯ ಜಿನಾಲಯ ಕಟ್ಟಿಸಿದ್ದನ್ನೂ ಅವನ ಮನೆತನದ ಅರಸಾರ್ಯ ಅದಕ್ಕೆ ಭೂಮಿ ಬಿಟ್ಟದ್ದನ್ನೂ ದಾಖಲಿಸುತ್ತದೆ. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ನಡೆ ಪರಿಚಿತ. ಮೊದಲು ಅರಸನ ಬಿರುದುಗಳು ಸಾಲುಗಟ್ಟಿ ಬರುತ್ತವೆ. ಆಮೇಲೆ ಯಾರು, ಯಾವಾಗ, ಎಷ್ಟು ಭೂಮಿ, ಯಾವ ಎಲ್ಲೆ, ಯಾರ ಕೈಗೆ ಎಂಬ ವಿವರ ಬರುತ್ತದೆ. ಇತಿಹಾಸಕಾರರು ಬಿರುದಾವಳಿಯನ್ನು ಮುಗುಳ್ನಕ್ಕು ದಾಟುತ್ತಾರೆ. ಅವರು ಲೇಖನಿ ಹಿಡಿಯುವುದು ಎಲ್ಲೆ, ಅಳತೆ, ತಾರೀಖು ಬಂದಾಗ. ನೌಕರಿ ಕೊಡುವವರ ಕಣ್ಣೂ ಹಾಗೆಯೇ ಓಡುತ್ತದೆ. ‘ಶ್ರಮಜೀವಿ, ಸಮಯಪಾಲಕ, ಪ್ರಾಮಾಣಿಕ, ತಂಡದಲ್ಲಿ ಬೆರೆಯುವವನು’ ಎಂಬ ನಾಲ್ಕು ಬಿರುದುಗಳನ್ನು ದಾಟಿ ಅದು ಅಳತೆಯನ್ನು ಹುಡುಕುತ್ತದೆ.

ಇದೇ ಮುಳಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ ಬರೆದು ಮುಗಿಸಿದ ನಯಸೇನ, ಕನ್ನಡದಲ್ಲಿ ಹೇಳಲು ಹೊರಟು ನಡುನಡುವೆ ಹೊಂದದ ಸಂಸ್ಕೃತ ತುರುಕುವವರನ್ನು ಗೇಲಿ ಮಾಡಿದವನು. ತುಪ್ಪಕ್ಕೆ ಎಣ್ಣೆ ಬೆರೆಸುವ ಅವನ ಹೋಲಿಕೆಯನ್ನು ಕನ್ನಡ ಮೇಷ್ಟರು ಇಂದಿಗೂ ಪಾಠದಲ್ಲಿ ಹೇಳುತ್ತಾರೆ. ಈಗಿನ ಬಯೋಡೇಟಾಗಳನ್ನು ಅವನ ಮುಂದಿಟ್ಟಿದ್ದರೆ ಏನೆನ್ನುತ್ತಿದ್ದನೋ! ಬರೆದವನಿಗೇ ಅರ್ಥವಾಗದ, ಸಂದರ್ಶನದಲ್ಲಿ ಓದಿಸಿದರೆ ತಡವರಿಸುವಂಥ ಇಂಗ್ಲಿಷ್ ಪದಗಳನ್ನು ಹಾಕುವುದರಿಂದ ಆಗುವ ಲಾಭ ಏನೂ ಇಲ್ಲ, ನಷ್ಟ ಮಾತ್ರ ಕಣ್ಣೆದುರೇ ಆಗುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗ, ಮೊದಲು ಕನ್ನಡದಲ್ಲಿ ತಾನು ಮಾಡಿದ್ದನ್ನು ಸರಳವಾಗಿ ಬರೆದುಕೊಂಡು, ಆಮೇಲೆ ತಿಳಿದ ಇಂಗ್ಲಿಷಿಗೆ ತರುವುದು ಒಳ್ಳೆಯ ದಾರಿ.

ಈಗ ‘ಅಳತೆ’ ಎಂದರೇನು ಎಂಬುದಕ್ಕೆ ಬರೋಣ. ಬಿ.ಕಾಂ. ಮುಗಿಸಿದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಕಾಲೇಜಿನ ಮೂರು ವರ್ಷವೂ ಹೆಸರು, ಶೇಂಗಾ, ಉಳ್ಳಾಗಡ್ಡಿಯ ಹಂಗಾಮಿನಲ್ಲಿ ಗದಗ ಎಪಿಎಂಸಿಯ ಅಡತಿ ಅಂಗಡಿಯಲ್ಲಿ ದುಡಿದವನು. ಅವನ ಬಯೋಡೇಟಾದ ಅನುಭವದ ಕಾಲಂನಲ್ಲಿ ಒಂದೇ ಮಾತು ಇರುತ್ತದೆ: ‘ಫ್ರೆಷರ್’. ಯಾಕೆ ಹೀಗೆ ಎಂದರೆ, ‘ಅದೇನ್ ನೌಕರಿ ಅಲ್ರಿ, ಕಾಕಾನ ಅಂಗಡಿ’ ಎಂಬ ಉತ್ತರ ಬರುತ್ತದೆ.

ಆದರೆ ಅಲ್ಲಿ ಅವನು ಮಾಡಿದ್ದೇನು? ಬೆಳಗ್ಗೆ ಬಂದ ಮಾಲನ್ನು ರೈತರ ಹೆಸರಿನ ಪ್ರಕಾರ ಲಾಟ್ ಮಾಡಿ ನಮೂದಿಸಿದ. ಟೆಂಡರಿನಲ್ಲಿ ಬಂದ ದರ ನೋಡಿ ರೈತರಿಗೆ ತಿಳಿಸಿದ. ತೂಕ ಆದಮೇಲೆ ಹಮಾಲಿ, ತೂಕದ ಖರ್ಚು ಲೆಕ್ಕ ಹಾಕಿ ಪಟ್ಟಿ ಬರೆದ. ಅದನ್ನೆಲ್ಲ ಟ್ಯಾಲಿಗೆ ಏರಿಸಿದ. ಸಂಜೆ ನಗದು ತಾಳೆ ನೋಡಿದ. ದರ ಕಡಿಮೆಯಾಯಿತೆಂದು ಸಿಟ್ಟಾದ ರೈತನ ಎದುರು ದನಿ ಏರಿಸದೆ ಮಾತಾಡಿದ. ಕರ್ನಾಟಕದ ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರಿಗಾಗಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿದೆ. ಅದನ್ನು ನಡೆಸುವ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ 2014ರಲ್ಲಿ ಶುರುವಾಯಿತು. ದೇಶದ ಇತರೆಡೆ ಇ-ಮಾರುಕಟ್ಟೆಯ ಮಾತು ಬಲವಾಗುವ ಮುಂಚೆಯೇ ಇಲ್ಲಿ ಬಂದ ವ್ಯವಸ್ಥೆ ಅದು. ಅಂಥ ವ್ಯವಸ್ಥೆಯಲ್ಲಿ ಕೈಯಾಡಿಸಿದವನು ತನ್ನನ್ನು ‘ಫ್ರೆಷರ್’ ಎಂದು ಕರೆದುಕೊಂಡು, ಪಕ್ಕದಲ್ಲಿ ‘ಬೇಸಿಕ್ ಕಂಪ್ಯೂಟರ್’ ಎಂದಷ್ಟೇ ಬರೆಯುತ್ತಾನೆ.

ಆ ಸಾಲನ್ನು ಹೀಗೆ ಬರೆಯಬಹುದಿತ್ತು: ‘ಗದಗ ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಲೆಕ್ಕದ ಸಹಾಯಕ, ಮೂರು ಹಂಗಾಮು, ಓದಿನ ಜೊತೆಗೆ. ಹಂಗಾಮಿನಲ್ಲಿ ದಿನಕ್ಕೆ ಸುಮಾರು 40 ರೈತರ ಪಟ್ಟಿ ತಯಾರಿ, ಟ್ಯಾಲಿಯಲ್ಲಿ ನಮೂದು, ದಿನದ ಕೊನೆಗೆ ನಗದು-ಬ್ಯಾಂಕ್ ತಾಳೆ.’ ನಲವತ್ತು ಎಂಬುದು ಇಲ್ಲಿ ಉದಾಹರಣೆಯ ಅಂಕಿ. ಬರೆಯುವವರು ತಮ್ಮ ನಿಜವಾದ ಅಂಕಿ ಹಾಕಬೇಕು, ಹದಿನೈದಾದರೆ ಹದಿನೈದು. ಇದನ್ನು ಓದಿದ ಹುಬ್ಬಳ್ಳಿಯ ಗೋದಾಮಿನ ಮ್ಯಾನೇಜರಿಗೆ ಅಥವಾ ಸೌಹಾರ್ದದ ಕಾರ್ಯದರ್ಶಿಗೆ ಹುಡುಗನ ಚಿತ್ರ ಸಿಕ್ಕಿತು. ಕೇಳಲು ಪ್ರಶ್ನೆಯೂ ಸಿಕ್ಕಿತು: ‘ತಾಳೆ ಆಗದಿದ್ದಾಗ ಏನ್ ಮಾಡ್ತಿದ್ದಿ?’ ಅವನು ನಿಜವಾಗಿ ಬಲ್ಲ ವಿಷಯದ ಮೇಲೆಯೇ ಸಂದರ್ಶನ ನಡೆಯುತ್ತದೆ. ಬಯೋಡೇಟಾದಿಂದ ಆಗಬೇಕಾದ ದೊಡ್ಡ ಉಪಕಾರ ಇದೇ.

ಐಟಿಐ ಮಾಡಿದವರ ಕಥೆಯೂ ಬೇರೆಯಲ್ಲ. ಗುತ್ತಿಗೆದಾರರ ಕೈಕೆಳಗೆ ಎರಡು ವರ್ಷ ಗಾಳಿಯಂತ್ರಗಳ ನಿರ್ವಹಣೆ ಮಾಡಿದ ಎಲೆಕ್ಟ್ರಿಷಿಯನ್ ‘ಹೆಲ್ಪರ್, 2 ವರ್ಷ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಯಾವ ಕಂಪನಿಯ ಯಂತ್ರ, ಎಷ್ಟು ಎತ್ತರದ ಗೋಪುರ, ಸುರಕ್ಷಾ ಬೆಲ್ಟ್ ಕಟ್ಟಿ ಎತ್ತರದಲ್ಲಿ ಕೆಲಸ ಮಾಡುವ ತರಬೇತಿ ಆಗಿದೆಯೇ, ಮೆಗ್ಗರ್ ಹಿಡಿದು ಕೇಬಲ್ ಪರೀಕ್ಷಿಸಿದ್ದಾನೆಯೇ, ಟ್ರಾನ್ಸ್‌ಫಾರ್ಮರ್ ಅಂಗಳದಲ್ಲಿ ಏನು ಮಾಡಿದ್ದಾನೆ, ರಾತ್ರಿ ಪಾಳಿ ಇತ್ತೇ? ಈ ನಾಲ್ಕಾರು ಮಾತುಗಳಿಗೆ ಇರುವ ಬೆಲೆ ‘ಹಾರ್ಡ್ ವರ್ಕರ್’ ಎಂಬುದಕ್ಕಿಲ್ಲ. ಗೋಪುರ ಹತ್ತಲು ಹೆದರದವನು ಬೇಕೆಂದು ಹುಡುಕುವವರಿಗೆ ಅವನು ಕ್ಯಾರಂ ಆಡುತ್ತಾನೆ ಎಂಬ ಹವ್ಯಾಸದಿಂದ ಏನೂ ತಿಳಿಯುವುದಿಲ್ಲ.

ಹೆಣ್ಣುಮಕ್ಕಳ ಹಾಳೆಯಲ್ಲಿ ಕಾಣೆಯಾಗುವ ಕೆಲಸ ಇನ್ನೂ ಹೆಚ್ಚು. ಪದವಿ ಮುಗಿದು ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಕೆಲಸ ಹುಡುಕುವ ಹೆಣ್ಣುಮಗಳು ನಡುವಿನ ಆರೇಳು ವರ್ಷವನ್ನು ಖಾಲಿ ಬಿಟ್ಟು, ಯಾರಾದರೂ ಕೇಳಿದರೆ ಮುಜುಗರಪಡುತ್ತಾಳೆ. ಆ ವರ್ಷಗಳಲ್ಲಿ ಆಕೆ ಸ್ವಸಹಾಯ ಸಂಘದ ಠರಾವು ಪುಸ್ತಕ, ಉಳಿತಾಯ-ಸಾಲದ ಖಾತೆ ಬರೆದಿರಬಹುದು. ಬ್ಯಾಂಕಿಗೆ ಹೋಗಿ ಸಂಘದ ಸಾಲ ತಂದು ಕಂತು ತೀರಿಸಿರಬಹುದು, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿರಬಹುದು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದದ್ದು 2000-01ರಲ್ಲಿ. ಅಂದಿನಿಂದ ಊರೂರಿನ ಹೆಣ್ಣುಮಕ್ಕಳು ಬರೆದಿಟ್ಟ ಲೆಕ್ಕದ ವಹಿಗಳು ಯಾವ ಗುಮಾಸ್ತನ ವಹಿಗೂ ಕಡಿಮೆಯಿಲ್ಲ. ಇಪ್ಪತ್ತು ಸದಸ್ಯೆಯರ ಸಂಘದ ಲೆಕ್ಕವನ್ನು ನಾಲ್ಕು ವರ್ಷ ಬರೆದದ್ದು ಅನುಭವವೇ. ಅದನ್ನು ಹವ್ಯಾಸದ ಕೆಳಗೆ ಹಾಕಬಾರದು, ಅನುಭವದ ಕೆಳಗೆ, ಇಸವಿಯ ಸಮೇತ ಹಾಕಬೇಕು.

ಇಷ್ಟೆಲ್ಲ ಬರೆದರೂ ಓದುವವರಿಗೆ ಎಷ್ಟು ಹೊತ್ತಿದೆ? ಅಮೆರಿಕದ ದಿ ಲ್ಯಾಡರ್ಸ್ ಎಂಬ ಉದ್ಯೋಗ ಸಂಸ್ಥೆ 2012ರಲ್ಲಿ ನೇಮಕಾತಿಯ 30 ಮಂದಿಯ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು, ಅವರು ಒಂದು ಬಯೋಡೇಟಾದ ಮೊದಲ ನೋಟಕ್ಕೆ ಸುಮಾರು 6 ಸೆಕೆಂಡು ಕೊಡುತ್ತಾರೆ ಎಂದಿತ್ತು. 2018ರಲ್ಲಿ ಮತ್ತೆ ನೋಡಿದಾಗ ಅದು 7.4 ಸೆಕೆಂಡಾಗಿತ್ತು. ಮೂವತ್ತೇ ಜನರ ಅಧ್ಯಯನವಾದ್ದರಿಂದ ಇದನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ. ಆದರೆ ಉದ್ಯೋಗ ಮೇಳದಲ್ಲಿ ಮೇಜಿನ ಮೇಲೆ ಬಯೋಡೇಟಾಗಳ ಅಟ್ಟಿ ಬೆಳೆಯುವುದನ್ನು ಕಂಡವರಿಗೆ ಇದು ಸುಳ್ಳೆನಿಸುವುದಿಲ್ಲ. ಆ ಮೊದಲ ನೋಟಕ್ಕೆ ಸಿಗುವುದು ಪುಟದ ಮೇಲಿನ ಮೂರನೇ ಒಂದು ಭಾಗ. ಅಲ್ಲಿ ತಂದೆಯ ಹೆಸರು, ರಾಷ್ಟ್ರೀಯತೆ, ಲಿಂಗ, ವೈವಾಹಿಕ ಸ್ಥಿತಿ ಕೂತಿದ್ದರೆ ಆರು ಸೆಕೆಂಡು ಅವಕ್ಕೇ ಖರ್ಚಾಯಿತು. ಹೆಸರು, ಫೋನು, ಊರು, ಅದರ ಕೆಳಗೆ ಎರಡು ಸಾಲಿನಲ್ಲಿ ತಾನು ಏನು ಓದಿದೆ, ಏನು ಮಾಡಬಲ್ಲೆ ಎಂಬುದು ಇರಬೇಕು. ತೀರಾ ಇತ್ತೀಚಿನ ಕೆಲಸ ಮೊದಲು, ಹಳೆಯದು ಆಮೇಲೆ. ಹತ್ತು ವರ್ಷಕ್ಕಿಂತ ಕಡಿಮೆ ಅನುಭವದವರಿಗೆ ಒಂದು ಪುಟ ಸಾಕು.

ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುತ್ತದೆ. ಅದು ಬಯೋಡೇಟಾದ ಅಕ್ಷರಗಳನ್ನು ಹೆಕ್ಕಿ, ಜಾಹೀರಾತಿನಲ್ಲಿ ಕೇಳಿದ ಪದಗಳು ಇವೆಯೇ ಎಂದು ನೋಡಲು ಮಾಡಿದ್ದು. ಬಣ್ಣದ ಪಟ್ಟಿ, ಚೌಕದೊಳಗೆ ಚೌಕ, ನಕ್ಷತ್ರ ಹಾಕಿ ಕೌಶಲ ತೋರಿಸುವ ಚಿತ್ರ ಇವೆಲ್ಲ ಕಣ್ಣಿಗೆ ಚೆಂದ ಕಂಡರೂ ಯಂತ್ರವನ್ನು ತಬ್ಬಿಬ್ಬು ಮಾಡಬಹುದು. ಜಾಹೀರಾತಿನಲ್ಲಿ ‘ಟ್ಯಾಲಿ, ಜಿಎಸ್‌ಟಿ ರಿಟರ್ನ್’ ಎಂದಿದ್ದು ನಿಮಗೆ ಅವು ಬರುವುದಾದರೆ ಅದೇ ಪದಗಳನ್ನು ಬರೆಯಬೇಕು. ‘ಅಕೌಂಟಿಂಗ್ ಜ್ಞಾನ’ ಎಂದರೆ ಯಂತ್ರಕ್ಕೆ ತಿಳಿಯದೇ ಹೋಗಬಹುದು. ಪ್ರಿಂಟ್ ತೆಗೆದು, ಅದನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸುವವರೂ ಇದ್ದಾರೆ. ಅದು ಮನುಷ್ಯನಿಗೂ ಓದಲು ಕಷ್ಟ.

ಕನ್ನಡದಲ್ಲಿ ಬಯೋಡೇಟಾ ಕೊಡುವವರಿಗೆ ಇನ್ನೊಂದು ತೊಡಕಿದೆ. ಸಹಕಾರ ಸಂಘ, ಪತ್ರಿಕಾ ಕಚೇರಿ, ಕನ್ನಡ ಶಾಲೆಗಳಿಗೆ ಕನ್ನಡದಲ್ಲೇ ಕೊಡುವುದು ಯೋಗ್ಯ. ಆದರೆ ನಮ್ಮ ಅನೇಕ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯೇ ನಡೆಯುತ್ತದೆ. ಅದು ಯೂನಿಕೋಡ್ ಅಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಹೊಡೆಸಿ, ಪಿಡಿಎಫ್ ಮಾಡಿಸಿಕೊಂಡು, ಬೇರೆ ಯಾರದಾದರೂ ಫೋನಿನಲ್ಲಿ ಒಮ್ಮೆ ತೆರೆದು ನೋಡಿ ಕಳಿಸಿದರೆ ಈ ಫಜೀತಿ ಇಲ್ಲ.

ಹೆಸರಿನ ಕಾಗುಣಿತ ಸಣ್ಣ ವಿಷಯವೆಂದು ಯಾರಾದರೂ ಅಂದರೆ ನಂಬಬೇಡಿ. ಈ ಭಾಗದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕೊನೆಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರಿನ ಒಂದೇ ಅಕ್ಷರ ಇರುವುದು ಸಾಮಾನ್ಯ. ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು-ಮೂರು ಬಗೆಯಾಗಿ ಬರೆಯುತ್ತಾರೆ. ನೌಕರಿ ಸಿಕ್ಕ ಮೇಲೆ ಕಾಗದಪತ್ರ ಪರಿಶೀಲನೆ ಮಾಡುವ ಏಜೆನ್ಸಿಗಳಿಗೆ ಈ ವ್ಯತ್ಯಾಸ ಸಾಕು, ಸೇರುವ ದಿನಾಂಕ ಮುಂದಕ್ಕೆ ಹೋಗುತ್ತದೆ. ಜನ್ಮದಿನಾಂಕಕ್ಕೂ ಹೆಸರಿಗೂ ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮುಂದೆ. ಬಯೋಡೇಟಾದಲ್ಲಿ ಅದರಲ್ಲಿದ್ದಂತೆಯೇ ಹೆಸರು ಬರೆದು, ಉಳಿದ ದಾಖಲೆಗಳನ್ನು ನಿಧಾನವಾಗಿ ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ಅಡ್ಡಹೆಸರಿನ ಮಾತು ಬಂದಿತು. ಬಡಿಗೇರ, ಕಮ್ಮಾರ, ಅಂಗಡಿ, ಹಿರೇಮಠ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬಂಥ ಉತ್ತರ ಕರ್ನಾಟಕದ ಹೆಸರುಗಳು ಕೇಳಲು ರಸವತ್ತಾಗಿವೆ. ಆದರೆ ಹೆಸರು ಅನೇಕ ಸಲ ಜಾತಿ-ಧರ್ಮವನ್ನೂ ಹೇಳಿಬಿಡುತ್ತದೆ. ಅದರ ಪರಿಣಾಮವನ್ನು ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅಳೆದು ನೋಡಿದ್ದಾರೆ. ಅವರ ಅಧ್ಯಯನ 2007ರಲ್ಲಿ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಮಟ್ಟದ ವಿದ್ಯಾರ್ಹತೆಯ ಅರ್ಜಿಗಳನ್ನು, ಹೆಸರು ಮಾತ್ರ ಬೇರೆ ಮಾಡಿ, ಕಳಿಸಲಾಗಿತ್ತು. ಮೇಲ್ಜಾತಿ ಹಿಂದೂ ಹೆಸರಿನ ಅರ್ಜಿಗೆ ಮುಂದಿನ ಹಂತದ ಕರೆ ಬರುವ ಸಾಧ್ಯತೆಯನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33 ಆಗಿತ್ತು. ಅಮೆರಿಕದಲ್ಲಿ 2004ರಲ್ಲಿ ಮರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಪ್ರಕಟಿಸಿದ ಇಂಥದೇ ಪ್ರಯೋಗದಲ್ಲಿ ಬಿಳಿಯರದ್ದೆಂದು ತೋರುವ ಹೆಸರುಗಳಿಗೆ ಶೇ. 50ರಷ್ಟು ಹೆಚ್ಚು ಕರೆ ಬಂದಿದ್ದವು. ಬಯೋಡೇಟಾ ಎಷ್ಟೇ ಚೆನ್ನಾಗಿದ್ದರೂ ಓದುವ ಕಣ್ಣಿನ ದೋಷವನ್ನು ಅದು ತಿದ್ದಲಾರದು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ನೌಕರಿ ಸಿಗದ ಪ್ರತಿಯೊಬ್ಬರಿಗೂ ‘ನಿನ್ನ ಬಯೋಡೇಟಾ ಸರಿಯಿಲ್ಲ’ ಎಂದು ಉಪದೇಶ ಮಾಡುವ ತರಬೇತಿಗಾರರಿಗೆ ಈ ಅಂಕಿಗಳನ್ನು ತೋರಿಸಬೇಕು. ಹೆಸರನ್ನು ಯಾರೂ ಬಚ್ಚಿಡಬೇಕಾಗಿಲ್ಲ. ಆದರೆ ಖಾಸಗಿ ನೌಕರಿಯ ಬಯೋಡೇಟಾದಲ್ಲಿ ಜಾತಿ, ಧರ್ಮ, ತಂದೆಯ ಉದ್ಯೋಗ, ಮದುವೆಯ ವಿವರಕ್ಕೆ ಕಾಲಂ ಮಾಡಿಕೊಡುವ ಅಗತ್ಯವೂ ಇಲ್ಲ. ಮೀಸಲಾತಿಯ ಪ್ರಶ್ನೆ ಬರುವುದು ಸರ್ಕಾರಿ ಅರ್ಜಿಯಲ್ಲಿ, ಅಲ್ಲಿ ಅದಕ್ಕೆ ಜಾಗ ಇದ್ದೇ ಇದೆ. ಆಧಾರ್, ಪ್ಯಾನ್ ಸಂಖ್ಯೆಗಳನ್ನಂತೂ ಹಾಕಲೇಬಾರದು. ನೌಕರಿಯ ಹೆಸರಿನ ಮೋಸಗಾರರಿಗೆ ಅದಕ್ಕಿಂತ ಸುಲಭದ ತುತ್ತು ಇನ್ನೊಂದಿಲ್ಲ.

ಎಲ್ಲರಿಗೂ ಒಂದೇ ಬಯೋಡೇಟಾ ಕಳಿಸುವುದು ಇನ್ನೊಂದು ರೂಢಿ. ಇಲ್ಲಿ ಐದು ಶತಮಾನ ಹಿಂದಕ್ಕೆ ಹೋಗಬಹುದು. ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಆಡಳಿತಗಾರ ಲುಡೋವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಪಡಿಸಿದ. ಜಗತ್ತಿನ ಮೊದಲ ಬಯೋಡೇಟಾ ಎಂದು ಅದನ್ನು ಹೊಗಳುವ ರೂಢಿಯಿದೆ, ಅದು ಅತಿಯಾಯಿತು ಎನ್ನಬಹುದು. ಆದರೆ ಪತ್ರದ ಜಾಣ್ಮೆ ನಿಜ. ಹೊತ್ತೊಯ್ಯಬಹುದಾದ ಸೇತುವೆ, ಕೋಟೆ ಕಂದಕದ ನೀರು ಬರಿದು ಮಾಡುವ ಉಪಾಯ, ಫಿರಂಗಿ, ಮುಚ್ಚಿದ ಯುದ್ಧರಥ ಎಂದು ಒಂದೊಂದಾಗಿ ಎಣಿಸುತ್ತ ಹೋಗಿ, ಶಾಂತಿಕಾಲದಲ್ಲಿ ಕಟ್ಟಡ ಕಟ್ಟಬಲ್ಲೆ ಎಂದು, ಕೊನೆಗೆ ಶಿಲ್ಪ ಮಾಡಬಲ್ಲೆ, ಚಿತ್ರವನ್ನೂ ಬರೆಯಬಲ್ಲೆ ಎನ್ನುತ್ತಾನೆ. ತಾನು ಯಾರ ಮಗ, ಯಾರ ಬಳಿ ಕಲಿತೆ ಎಂಬ ವಿವರ ಇಲ್ಲ. ಸ್ಫೋರ್ಜಾ ಆಗ ಯುದ್ಧದ ಗದ್ದಲದಲ್ಲಿದ್ದ, ಅವನಿಗೆ ಬೇಕಾದದ್ದು ಎಂಜಿನಿಯರ್. ಅದಕ್ಕೇ ಚಿತ್ರಕಲೆ ಕೊನೆಗೆ ಹೋಯಿತು. ಗದಗಿನ ಡಿಪ್ಲೊಮಾ ಹುಡುಗಿ ಬಸ್ ಕಾರ್ಖಾನೆಗೆ ಅರ್ಜಿ ಹಾಕುವಾಗ ವೆಲ್ಡಿಂಗ್, ಡ್ರಾಯಿಂಗ್ ಓದುವುದನ್ನು ಮೇಲೆ ಇಟ್ಟು, ತಾಂತ್ರಿಕ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಹಾಕುವಾಗ ಟ್ಯೂಷನ್ ಹೇಳಿದ್ದನ್ನು ಮೇಲೆ ತಂದರೆ ಸುಳ್ಳು ಹೇಳಿದಂತಲ್ಲ. ಕೇಳುವವರಿಗೆ ಬೇಕಾದದ್ದನ್ನು ಮೊದಲು ಹೇಳಿದಂತೆ.

ಸುಳ್ಳಿನ ಮಾತು ಬೇರೆಯೇ. ದುಡ್ಡು ಕೊಟ್ಟರೆ ಅನುಭವ ಪತ್ರ ಮಾಡಿಕೊಡುವವರು ಬೆಂಗಳೂರಿನಲ್ಲಿ ಸಿಗುತ್ತಾರೆ ಎಂಬ ಗಾಳಿಸುದ್ದಿ ಹಾಸ್ಟೆಲುಗಳಲ್ಲಿ ಸದಾ ಇರುತ್ತದೆ. 2022ರ ಕೊನೆಯಲ್ಲಿ ಆಕ್ಸೆಂಚರ್ ಕಂಪನಿ ಸುಳ್ಳು ದಾಖಲೆ ಮತ್ತು ಅನುಭವ ಪತ್ರ ಕೊಟ್ಟವರನ್ನು ಭಾರತದಲ್ಲಿ ಕೆಲಸದಿಂದ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಎತ್ತರದಲ್ಲಿದ್ದವರಿಗೂ ರಿಯಾಯಿತಿ ಇಲ್ಲ. ಯಾಹೂ ಕಂಪನಿಯ ಮುಖ್ಯಸ್ಥನಾಗಿ 2012ರ ಜನವರಿಯಲ್ಲಿ ಬಂದ ಸ್ಕಾಟ್ ಥಾಂಪ್ಸನ್ ಅದೇ ಮೇ ತಿಂಗಳಲ್ಲಿ ಹೊರನಡೆಯಬೇಕಾಯಿತು. ಅಕೌಂಟಿಂಗ್ ಪದವಿ ಮಾತ್ರ ಇದ್ದ ಅವರ ಪರಿಚಯದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿಯೂ ಸೇರಿಕೊಂಡಿತ್ತು. ಅಂಕಪಟ್ಟಿಗಳು ಡಿಜಿಲಾಕರಿನಲ್ಲಿ ಸಿಗುವ, ಭವಿಷ್ಯನಿಧಿಯ ಖಾತೆಯಿಂದ ಹಿಂದಿನ ನೌಕರಿ ತಿಳಿಯುವ ಈ ಕಾಲದಲ್ಲಿ ಇಂಥದು ಹೊರಬೀಳಲು ಹೆಚ್ಚು ದಿನ ಬೇಕಿಲ್ಲ.

ಅಕ್ಷರದೋಷದ ಬಗ್ಗೆ ಎಚ್ಚರಿಸುವವರಿಗೆ ಎದುರುತ್ತರವಾಗಿ ಸ್ಟೀವ್ ಜಾಬ್ಸ್ 1973ರಲ್ಲಿ ತುಂಬಿದ ಒಂದು ಪುಟದ ನೌಕರಿ ಅರ್ಜಿಯನ್ನು ತೋರಿಸಬಹುದು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಹೆಸರನ್ನೇ ಅವರು ಅದರಲ್ಲಿ ತಪ್ಪಾಗಿ ಬರೆದಿದ್ದಾರೆ. ಆ ಹಾಳೆ 2018ರ ಹರಾಜಿನಲ್ಲಿ ಸುಮಾರು 1.74 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ ಅಷ್ಟು ಬೆಲೆ ಬಂದದ್ದು ಅವರು ಆ್ಯಪಲ್ ಕಟ್ಟಿದ ಮೇಲೆ. ಅರ್ಜಿ ಹಾಕಿದ ದಿನ ಆ ತಪ್ಪಿಗೆ ಯಾರೂ ಹಣ ಕೊಟ್ಟಿರಲಾರರು.

ಅದೇ ಅರ್ಜಿಯಲ್ಲಿ ಫೋನಿನ ಕಾಲಂ ಎದುರು ಜಾಬ್ಸ್ ‘ಇಲ್ಲ’ ಎಂದು ಬರೆದಿದ್ದಾರೆ. ಈಗ ಫೋನಿಲ್ಲದವರಿಲ್ಲ. ಆದರೆ ಬಯೋಡೇಟಾದಲ್ಲಿರುವ ಸಂಖ್ಯೆ ರೀಚಾರ್ಜ್ ಇಲ್ಲದೆ ನಿಂತುಹೋಗಿರುತ್ತದೆ, ಇಲ್ಲವೇ ಸಿಮ್ ಬದಲಾಗಿರುತ್ತದೆ, ಇಲ್ಲವೇ ಅದು ಹೊಲದಲ್ಲಿರುವ ತಂದೆಯ ಸಂಖ್ಯೆಯಾಗಿದ್ದು ಕರೆ ಮಾಡಿದವರಿಗೆ ‘ಅವ ಊರಾಗಿಲ್ರಿ’ ಎಂಬ ಉತ್ತರ ಸಿಗುತ್ತದೆ. ಕರೆ ಮಾಡಿದವರ ಪಟ್ಟಿಯಲ್ಲಿ ಆಗ ಮುಂದಿನ ಹೆಸರು ಬರುತ್ತದೆ. ನೌಕರಿ ಹುಡುಕುವ ತಿಂಗಳುಗಳಲ್ಲಾದರೂ ಒಂದೇ ಸಂಖ್ಯೆ ಚಾಲ್ತಿಯಲ್ಲಿರಬೇಕು, ತನ್ನದೇ ಹೆಸರಿನ ಇಮೇಲ್ ಇರಬೇಕು, ಅದರ ಪಾಸ್‌ವರ್ಡ್ ಸೈಬರಿನವರಿಗಷ್ಟೇ ಗೊತ್ತಿರುವಂತಾಗಬಾರದು. ಎಸ್ಸೆಸ್ಸೆಲ್ಸಿ ಮುಗಿದಾಗ ಗೆಳೆಯರು ಮಾಡಿಕೊಟ್ಟ ‘ಕ್ಯೂಟ್ ಬಾಯ್’ ವಿಳಾಸವನ್ನು ಗೆಳೆಯರಿಗೇ ಬಿಟ್ಟುಕೊಡಬಹುದು. ಅಪರಿಚಿತ ಸಂಖ್ಯೆಯಿಂದ ಬಂದ ಕರೆಯನ್ನು ಆ ಕೆಲವು ವಾರ ಎತ್ತಿಕೊಳ್ಳಬೇಕು. ಕರೆದವರು ನೋಂದಣಿಗೆಂದು ಹಣ ಕೇಳಿದರೆ ಅಲ್ಲಿಗೇ ಫೋನು ಇಡಬೇಕು.